ಕಪ್ಪು ಕೋಟೂ ಹಡಗಿನ ಪಂಕ್ತಿಯೂ

ನಮ್ಮ ವಿವಾಹಕ್ಕೆ ನಲವತ್ತು ವರ್ಷ ತುಂಬಿದ ನೆಪದಲ್ಲಿ, ಪರದೇಶದಲ್ಲಿರುವ ಮಗ ನಮ್ಮಿಬ್ಬರನ್ನೂ ಏಳು ರಾತ್ರಿಗಳ ಹಡಗಿನ ವಿಹಾರಕ್ಕೆ ಕಳುಹಿಸಿಕೊಟ್ಟ. ಟಿಕೇಟಿನೊಡನೆ ಬಂದ ಸೂಚನೆಗಳಲ್ಲಿ ಎರಡು ರಾತ್ರಿಗಳ ಮುಂದೆ ‘ಫಾರ್ಮಲ್’ ಎಂದು ಬರೆದಿತ್ತು. ಅಂದರೆ ಆ ಎರಡು ರಾತ್ರಿ ಗಂಡಸರು ಕಪ್ಪು ಸೂಟು, ಟೈ ಧರಿಸಿ ಭೋಜನಶಾಲೆಗೆ ಬರಬೇಕು. ಹೆಂಗಸರು ಅದಕ್ಕೆ ಒಪ್ಪುವ ಉಡುಪು ತೊಡಬೇಕು. ನನ್ನಾಕೆಗೆ ಇದರಿಂದ ಯಾವ ಚಿಂತೆಯೂ ಆಗಲಿಲ್ಲ. ಬೀರುವಿನಿಂದ ಎರಡು ರೇಷ್ಮೆ ಸೀರೆ ತೆಗೆದಿಟ್ಟಳು, ಮುಗಿಯಿತು. ಪೇಚಾಟವೆಲ್ಲ ನನ್ನದು. ಮಗಳ ಮದುವೆಯ ಆರತಕ್ಷತೆಗೆ ಹೊಲಿಸಿದ್ದ ಸೂಟನ್ನು ದಾದರಿನ ದರ್ಜಿಯೊಬ್ಬನಲ್ಲಿಗೆ ಒಯ್ದು, ಹೊಟ್ಟೆಯ ಬಳಿ ಬಿಚ್ಚಿಸಿ ಅಗಲ ಮಾಡಿಸಿ, ಇಸ್ತ್ರಿ ಹಾಕಿಸಿ, ಅರ್ಧ ಪೆಟ್ಟಿಗೆಯನ್ನು ಅದಕ್ಕೇ ಮೀಸಲಿಟ್ಟು ಹೊರಟದ್ದಾಯಿತು.

ಎರಡನೆಯ ರಾತ್ರಿ ಕತ್ತಿಗೆ ಟೈ ಬಿಗಿದುಕೊಂಡು ಭೋಜನಶಾಲೆಗೆ ಹೋದರೆ ಕಂಡದ್ದೇನು? ಕಪ್ಪು ಕೋಟಿನವರು ಅರ್ಧಕ್ಕಿಂತ ಕಡಿಮೆ. ಪಕ್ಕದ ಮೇಜಿನ ಮಹಾಶಯರೊಬ್ಬರು ದೊಡ್ಡ ದೊಡ್ಡ ಹೂವುಗಳ ಅರ್ಧ ತೋಳಿನ ಅಂಗಿಯಲ್ಲಿ ಹಾಯಾಗಿ ಕುಳಿತು ಸೂಪು ಕುಡಿಯುತ್ತಿದ್ದರು. ಬಾಗಿಲಲ್ಲಿ ನಿಂತವನು ಅವರಿಗೂ ನನಗೂ ಒಂದೇ ನಗೆ ನಕ್ಕು ಒಳಗೆ ಬಿಟ್ಟಿದ್ದ. ಮೊದಲು ನನಗೆ ಪೆಚ್ಚೆನಿಸಿತು. ಆಮೇಲೆ ತುಸು ಸಿಟ್ಟು ಬಂತು. ಊಟ ಮುಗಿಯುವ ಹೊತ್ತಿಗೆ ಯೋಚನೆ ಹತ್ತಿತು. ಈ ನಿಯಮ ಎಲ್ಲಿಂದ ಬಂತು, ಏಕೆ ಹೋಗುತ್ತಿದೆ, ಹೋಗುವಾಗ ತನ್ನೊಡನೆ ಏನನ್ನು ಒಯ್ಯುತ್ತಿದೆ, ಏನನ್ನು ಬಿಟ್ಟುಹೋಗುತ್ತಿದೆ? ಅದನ್ನಿಷ್ಟು ವಿಚಾರಿಸೋಣವೆಂದು ಈ ಲೇಖನ.

ಖಂಡದಿಂದ ಖಂಡಕ್ಕೆ ಹೋಗಲು ಹಡಗಲ್ಲದೆ ಬೇರೆ ದಾರಿಯಿಲ್ಲದ ಕಾಲದಲ್ಲಿ ಪ್ರಯಾಣಿಕರು ದರ್ಜೆಗಳಾಗಿ ಬೇರ್ಪಟ್ಟಿದ್ದರು. 1912ರಲ್ಲಿ ಮುಳುಗಿದ ಟೈಟಾನಿಕ್ ಹಡಗಿನಲ್ಲಿ ಮೊದಲ ದರ್ಜೆಯವರನ್ನು ರಾತ್ರಿಯೂಟಕ್ಕೆ ಕಹಳೆ ಊದಿ ಕರೆಯುತ್ತಿದ್ದರು. ಗಂಡಸರು ಕಪ್ಪು ಕೋಟು, ಹೆಂಗಸರು ನೆಲ ಮುಟ್ಟುವ ಗೌನು. ಆದರೆ ಆ ಕಾಲದಲ್ಲಿ ಹಡಗು ಹೊರಟ ಮೊದಲ ರಾತ್ರಿ ಈ ಕಟ್ಟಳೆಗೆ ವಿನಾಯಿತಿಯಿತ್ತು. ಪೆಟ್ಟಿಗೆಗಳನ್ನು ಇನ್ನೂ ಬಿಚ್ಚಿರುವುದಿಲ್ಲವಷ್ಟೆ! ಅಂದರೆ ನಿಯಮ ಕಟ್ಟಿದವರಿಗೆ ಲೋಕಜ್ಞಾನವಿತ್ತು. 1997ರ ‘ಟೈಟಾನಿಕ್’ ಚಲನಚಿತ್ರವನ್ನು ನೋಡಿದವರಿಗೆ ಆ ಬಡ ಚಿತ್ರಕಾರ ಯುವಕ ಎರವಲು ಕೋಟು ತೊಟ್ಟು ಮೊದಲ ದರ್ಜೆಯ ಊಟಕ್ಕೆ ಹೋಗುವ ಸನ್ನಿವೇಶ ನೆನಪಿರಬಹುದು. ಕೋಟು ಮೈಮೇಲೆ ಬಿದ್ದದ್ದೇ ತಡ, ಬಾಗಿಲು ತಾನಾಗಿ ತೆರೆಯುತ್ತದೆ. ಕೋಟೇ ಅಲ್ಲಿ ಬೀಗದ ಕೈ.

ತಮಾಷೆಯೆಂದರೆ ಇಂದು ಪರಮ ಔಪಚಾರಿಕವೆನಿಸಿಕೊಂಡಿರುವ ಈ ಗಿಡ್ಡ ಕಪ್ಪು ಕೋಟು ಹುಟ್ಟಿದ್ದೇ ಸಡಿಲಿಕೆಯಾಗಿ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ಹಿಂದೆ ಬಾಲ ಇಳಿಬಿಟ್ಟ ಉದ್ದ ಕೋಟಿನ ಕಾಟ ತಾಳಲಾರದ ಇಂಗ್ಲಿಷ್ ಶ್ರೀಮಂತರು ಮನೆಯ ಸಾದಾ ಊಟಕ್ಕೆಂದು ಇದನ್ನು ಹೊಲಿಸಿಕೊಂಡರು. ಅಂದಿನ ಹಿರಿಯರು ಇದನ್ನು ಕಂಡು ಮೂಗು ಮುರಿದಿರಬೇಕು. ಆದ್ದರಿಂದ ಹೂವಿನ ಅಂಗಿಯವರನ್ನು ಕಂಡು ‘ಕಾಲ ಕೆಟ್ಟಿತು’ ಎನ್ನುವ ಮುನ್ನ ನಾವು ಸ್ವಲ್ಪ ತಡೆಯುವುದು ಲೇಸು.

ಈ ಮೇಜಿನ ಭಯ ನಮ್ಮವರಿಗೂ ಹೊಸತಲ್ಲ. 1888ರ ಸಪ್ಟೆಂಬರ್ 4ರಂದು ಇದೇ ಮುಂಬಯಿಯಿಂದ ಹಡಗು ಹತ್ತಿದ ಹದಿನೆಂಟರ ತರುಣ ಮೋಹನದಾಸ ಗಾಂಧಿ ದಾರಿಯುದ್ದಕ್ಕೂ ಕಪ್ಪು ಸೂಟು ಧರಿಸಿದ್ದರು. ಆದರೂ ಭೋಜನಶಾಲೆಗೆ ಹೋಗಲಿಲ್ಲ. ಚಾಕು, ಮುಳ್ಳುಚಮಚಗಳ ಬಳಕೆ ತಿಳಿಯದು. ಯಾವುದರಲ್ಲಿ ಮಾಂಸವಿಲ್ಲವೆಂದು ಕೇಳಲು ಧೈರ್ಯ ಸಾಲದು. ಮನೆಯಿಂದ ತಂದ ಸಿಹಿತಿಂಡಿ, ಹಣ್ಣುಗಳನ್ನು ಕ್ಯಾಬಿನ್ನಿನಲ್ಲೇ ತಿಂದು ದಿನ ಕಳೆದೆನೆಂದು ಅವರೇ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಇಳಿಯುವಾಗ ತೊಡಲೆಂದು ಜೋಪಾನವಾಗಿಟ್ಟಿದ್ದ ಬಿಳಿ ಫ್ಲಾನೆಲ್ ಸೂಟನ್ನು ತೊಟ್ಟು ಸಪ್ಟೆಂಬರ್ ಕೊನೆಯಲ್ಲಿ ದಡಕ್ಕಿಳಿದರೆ, ಆ ಋತುವಿನಲ್ಲಿ ಬಿಳಿ ತೊಟ್ಟವರು ಅವರೊಬ್ಬರೇ! ಅದೇ ಗಾಂಧೀಜಿ 1931ರ ಆಗಸ್ಟ್ 29ರಂದು ದುಂಡುಮೇಜಿನ ಪರಿಷತ್ತಿಗಾಗಿ ಮುಂಬಯಿಯಿಂದ ‘ರಾಜಪುತಾನಾ’ ಹಡಗಿನಲ್ಲಿ ಹೊರಟಾಗ ಮೈಮೇಲಿದ್ದುದು ತುಂಡು ಧೋತರ ಮತ್ತು ಶಾಲು. ಅದೇ ಉಡುಪಿನಲ್ಲಿ ನವೆಂಬರ್‌ನಲ್ಲಿ ಬಕಿಂಗ್‌ಹ್ಯಾಮ್ ಅರಮನೆಗೂ ಹೋಗಿ ಬಂದರು. ಎರಡು ಪ್ರಯಾಣಗಳ ನಡುವಿನ 43 ವರ್ಷಗಳಲ್ಲಿ ಹಡಗಿನ ಮೇಜಿನ ನಿಯಮ ಅಷ್ಟೇನೂ ಬದಲಾಗಿರಲಿಲ್ಲ, ಬದಲಾದುದು ಮನುಷ್ಯ.

ಹಡಗಿನಲ್ಲಿ ನಿಯಮ ಸಡಿಲವಾದದ್ದು ಯಾವ ನೀತಿಬೋಧೆಯಿಂದಲೂ ಅಲ್ಲ, ವ್ಯಾಪಾರದಿಂದ. 1958ರಲ್ಲಿ ಜೆಟ್ ವಿಮಾನಗಳು ಅಟ್ಲಾಂಟಿಕ್ ಸಾಗರವನ್ನು ದಾಟತೊಡಗಿದ ಮೇಲೆ ಪ್ರಯಾಣಕ್ಕಾಗಿ ಹಡಗು ಹತ್ತುವವರು ಕರಗಿದರು. ಕಂಪನಿಗಳು ವಿಹಾರಯಾತ್ರೆಗಳತ್ತ ಹೊರಳಿದವು. ದರ್ಜೆಗಳ ಗೋಡೆ ಬಹುಮಟ್ಟಿಗೆ ಬಿತ್ತು. ಉಡುಪಿನ ನಿಯಮ ಮಾತ್ರ ಒಂದು ನಾಟಕದಂತೆ ಉಳಿಯಿತು: ಸಾಮಾನ್ಯ ಗುಮಾಸ್ತನ ಸಂಸಾರವೂ ವಾರದಲ್ಲಿ ಎರಡು ರಾತ್ರಿ ಶ್ರೀಮಂತರ ವೇಷ ಹಾಕಿ ಫೋಟೋ ತೆಗೆಸಿಕೊಳ್ಳಲಿ ಎಂದು. 2000ದಲ್ಲಿ ನಾರ್ವೇಜಿಯನ್ ಕಂಪನಿ ‘ಫ್ರೀಸ್ಟೈಲ್’ ಎಂಬ ಹೆಸರಿನಲ್ಲಿ ಗೊತ್ತಾದ ಸಮಯ, ಗೊತ್ತಾದ ಮೇಜು, ಕಡ್ಡಾಯದ ಕೋಟು ಎಲ್ಲವನ್ನೂ ಕೈಬಿಟ್ಟಿತು. 2015ರ ಕೊನೆಯಲ್ಲಿ ಸೆಲೆಬ್ರಿಟಿ ಕಂಪನಿ ಫಾರ್ಮಲ್ ರಾತ್ರಿಗಳನ್ನು ತೆಗೆದು ‘ಈವ್ನಿಂಗ್ ಶಿಕ್’ ಎಂಬ ಸಡಿಲ ಹೆಸರನ್ನಿಟ್ಟಿತು. ಕಾರಣಗಳು ಸ್ಪಷ್ಟವೇ ಇವೆ. ಸಾವಿರಾರು ಜನ ಹಿಡಿಸುವ ಹಡಗನ್ನು ತುಂಬಿಸಲು ಮಕ್ಕಳೊಂದಿಗರೂ ತರುಣರೂ ಬೇಕು. 2008ರಿಂದೀಚೆಗೆ ಅಮೆರಿಕದ ವಿಮಾನ ಕಂಪನಿಗಳು ಪ್ರತಿ ಪೆಟ್ಟಿಗೆಗೂ ಹಣ ಕೇಳತೊಡಗಿರುವುದರಿಂದ ಎರಡು ರಾತ್ರಿಗಾಗಿ ಸೂಟು ಹೊರುವವರು ಕಡಿಮೆ. ಕಚೇರಿಗಳಲ್ಲೇ ಟೈ ಕಾಣೆಯಾಗಿರುವಾಗ ರಜೆಯಲ್ಲಿ ಯಾರು ಕಟ್ಟಿಯಾರು?

ಹಳೆಯ ಕ್ರಮವನ್ನು ಬಿಗಿಯಾಗಿ ಹಿಡಿದಿರುವವರಲ್ಲಿ ಕುನಾರ್ಡ್ ಕಂಪನಿ ಮುಖ್ಯವಾದುದು. ಅದರ ‘ಕ್ವೀನ್ ಮೇರಿ 2’ ಹಡಗು ಸೌತಾಂಪ್ಟನ್ನಿನಿಂದ ನ್ಯೂಯಾರ್ಕಿಗೆ ಹೋಗುವಾಗ ‘ಗಾಲಾ’ ರಾತ್ರಿಗಳಿರುತ್ತವೆ. ಕಪ್ಪು ಕೋಟು ಬೇಡವೆನ್ನುವವರು ಬಫೆಯಲ್ಲಿ ತಟ್ಟೆ ಹಿಡಿದು ಉಣ್ಣಬಹುದು. ಅವರ ನಿಯಮದಲ್ಲಿ ಇನ್ನೊಂದು ಮಾತಿದೆ: ತಮ್ಮ ತಮ್ಮ ರಾಷ್ಟ್ರೀಯ ಉಡುಪಿನಲ್ಲೂ ಬರಬಹುದು. ಈ ಮಾತನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಸಡಿಲಿಕೆಯನ್ನು ಸ್ವಾಗತಿಸುವವರು ಇದನ್ನು ಸಮಾನತೆ ಎನ್ನುತ್ತಾರೆ. ಈ ಮಾತನ್ನು ನಾನು ಒಪ್ಪಲಾರೆ. ಕೋಟಿನ ನಿಯಮದಲ್ಲಿ ಎರಡು ಎಳೆಗಳು ಹೆಣೆದುಕೊಂಡಿದ್ದವು. ಒಂದು ಮರ್ಯಾದೆ: ನನ್ನ ಎದುರು ಕುಳಿತು ಉಣ್ಣುವವರಿಗಾಗಿ ನಾನು ಮೈ ತೊಳೆದು, ತಲೆ ಬಾಚಿ, ಒಳ್ಳೆಯದನ್ನು ಉಟ್ಟು ಬರುತ್ತೇನೆ ಎಂಬ ಭಾವ. ಇನ್ನೊಂದು ಬೇಲಿ: ಕೋಟು ಕೊಳ್ಳಲಾರದವನು ಆಚೆಗಿರಲಿ ಎಂಬ ಭಾವ. ಹಡಗಿನವರು ಬಿಟ್ಟುಕೊಟ್ಟದ್ದು ಮೊದಲನೆಯದನ್ನು. ಎರಡನೆಯದನ್ನು ಭದ್ರವಾಗಿ ಬೇರೆಡೆಗೆ ಸಾಗಿಸಿದ್ದಾರೆ. ‘ಫ್ರೀಸ್ಟೈಲ್’ ಸಾರಿದ ಕಂಪನಿಯ ಹಡಗುಗಳಲ್ಲೇ ‘ಹೇವನ್’ ಎಂಬ ಪ್ರತ್ಯೇಕ ಪ್ರಾಂತವಿದೆ. ಹೆಚ್ಚು ಹಣ ತೆತ್ತವರಿಗೆ ಮಾತ್ರ ಅಲ್ಲಿ ಬಾಗಿಲು ತೆರೆಯುತ್ತದೆ; ಊಟದ ಮನೆ, ಈಜುಕೊಳ ಎಲ್ಲ ಬೇರೆ. ಎಂ.ಎಸ್.ಸಿ. ಕಂಪನಿ 2008ರಿಂದ ‘ಯಾಟ್ ಕ್ಲಬ್’ ಎಂಬ ಹೆಸರಿನಲ್ಲಿ ಇದನ್ನೇ ಮಾಡಿದೆ. ಮರ್ಯಾದೆಯ ಹೆಸರು ಹೇಳುವ ಕ್ವೀನ್ ಮೇರಿಯೂ ಇದಕ್ಕೆ ಹೊರತಲ್ಲ. ಅಲ್ಲಿ ಕ್ಯಾಬಿನ್ನಿನ ದರದಂತೆ ಊಟದ ಶಾಲೆ: ಕ್ವೀನ್ಸ್ ಗ್ರಿಲ್, ಪ್ರಿನ್ಸೆಸ್ ಗ್ರಿಲ್, ಉಳಿದವರಿಗೆ ಬ್ರಿಟಾನಿಯಾ. ಮೊದಲು ಬಡವನು ಕೋಟೊಂದನ್ನು ಎರವಲು ತಂದಾದರೂ ಒಳಗೆ ನುಸುಳಬಹುದಿತ್ತು. ಈಗಿನ ಬಾಗಿಲು ಕಾರ್ಡು ಉಜ್ಜದೆ ತೆರೆಯುವುದಿಲ್ಲ. ನಮ್ಮ ಭಾಷೆಯಲ್ಲಿ ಇದಕ್ಕೆ ಒಳ್ಳೆಯ ಹೆಸರಿದೆ: ಪಂಕ್ತಿಭೇದ.

ಇನ್ನೊಂದು ಸಂಗತಿ. ಸಡಿಲವಾದದ್ದು ಕುಳಿತು ಉಣ್ಣುವವರ ಉಡುಪು ಮಾತ್ರ, ನಿಂತು ಬಡಿಸುವವರದಲ್ಲ. ಪಿ. ಆ್ಯಂಡ್ ಓ. ಹಡಗುಗಳಲ್ಲಿ ಹಿಂದೆ ಗೋವೆಯ ಸ್ಟೀವರ್ಡರು ಬಡಿಸುತ್ತಿದ್ದರು. ಇಂದು ಗೋವೆಯವರ ಜೊತೆಗೆ ನಮ್ಮ ಮಂಗಳೂರು, ಉಡುಪಿ ಕಡೆಯ ಹುಡುಗರೂ ಈ ಕೆಲಸದಲ್ಲಿದ್ದಾರೆ. ನಮ್ಮ ಮೇಜಿಗೆ ಬಡಿಸುತ್ತಿದ್ದವನು ಕಾರ್ಕಳದ ಕಡೆಯವನು. ನಾವು ಕನ್ನಡದಲ್ಲಿ ಮಾತಾಡುವುದನ್ನು ಕೇಳಿ ಅವನ ಮುಖ ಅರಳಿತು. ಎರಡನೆಯ ಫಾರ್ಮಲ್ ರಾತ್ರಿ ನಾನು ಸುಮ್ಮನೆ ಕೇಳಿದೆ:

“ಪಂಚೆ ಉಟ್ಟು ಬಂದರೆ ಇಲ್ಲಿ ಒಳಗೆ ಬಿಡ್ತಾರೇನಪ್ಪಾ?”

“ಧಾರಾಳ ಬನ್ನಿ ಸರ್. ಜರಿಪಂಚೆ, ಶಾಲು ಅಂದ್ರೆ ಅದೇ ಫಾರ್ಮಲ್. ಯಾರೂ ಬೇಡ ಅನ್ನೂದಿಲ್ಲ. ಆದ್ರೆ ನಮ್ಮವರು ಯಾರೂ ಉಟ್ಟು ಬಂದದ್ದು ನಾನು ಕಂಡಿಲ್ಲ ಸರ್.”

ನನ್ನ ಪೆಟ್ಟಿಗೆಯಲ್ಲಿ ಪಂಚೆಯೇ ಇರಲಿಲ್ಲ.

ಈ ಮಾತು ನನ್ನನ್ನು ಇಂದಿಗೂ ಕಾಡುತ್ತಿದೆ. ಬಿಳಿಯರ ಹಡಗಿನ ಕಟ್ಟಳೆಯನ್ನು ಟೀಕಿಸುವುದು ಸುಲಭ. ನಮ್ಮ ನೆಲದ ಮೇಲಿನ ಮಾತೇನು? 2014ರ ಜುಲೈ ತಿಂಗಳಲ್ಲಿ ಚೆನ್ನೈಯ ಕ್ಲಬ್ಬೊಂದರಲ್ಲಿ ವೇಷ್ಟಿ ಉಟ್ಟಿದ್ದ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಯೊಬ್ಬರನ್ನೇ ಬಾಗಿಲಲ್ಲಿ ತಡೆದರು. ಮರುತಿಂಗಳೇ ತಮಿಳುನಾಡು ವಿಧಾನಸಭೆ ಇಂಥ ತಡೆಯನ್ನು ನಿಷೇಧಿಸುವ ಶಾಸನವನ್ನು ಮಾಡಬೇಕಾಯಿತು. 2024ರ ಜುಲೈಯಲ್ಲಿ ಬೆಂಗಳೂರಿನ ಮಾಲೊಂದು, ಮಗನೊಡನೆ ಸಿನಿಮಾ ನೋಡಲು ಬಂದ ಹಾವೇರಿ ಕಡೆಯ ರೈತರೊಬ್ಬರನ್ನು ಪಂಚೆ ಉಟ್ಟ ಕಾರಣಕ್ಕೆ ಒಳಗೆ ಬಿಡಲಿಲ್ಲ. ಹಡಗು ರಾಷ್ಟ್ರೀಯ ಉಡುಪೆಂದು ಒಪ್ಪಿದ್ದನ್ನು ರಾಷ್ಟ್ರವೇ ಒಪ್ಪದೆಹೋಯಿತು. ನಮ್ಮ ಕರಾವಳಿಯ ಹಲವು ದೇವಾಲಯಗಳಲ್ಲಾದರೋ ಅಂಗಿ ಕಳಚದೆ ಗಂಡಸರಿಗೆ ಒಳಗೆ ಪ್ರವೇಶವಿಲ್ಲ. ಹಡಗಿನಲ್ಲಿ ಕೋಟಿಲ್ಲದವನು ಹೊರಗೆ, ಇಲ್ಲಿ ಅಂಗಿಯುಳ್ಳವನು ಹೊರಗೆ! ಅಂಗಿಯನ್ನಾದರೋ ಯಾರು ಬೇಕಾದರೂ ಕಳಚಬಹುದು. ಆದರೆ ನಮ್ಮ ಹಳೆಯ ಪಂಕ್ತಿಗಳಲ್ಲಿ ಅಂಗಿ ಕಳಚಿದವರೆಲ್ಲರಿಗೂ ಎಲೆ ಹಾಕುತ್ತಿರಲಿಲ್ಲ ಎಂಬುದನ್ನು ಮರೆತು ಇತರರ ಬೇಲಿಗಳತ್ತ ಬೆರಳು ತೋರಿಸುವುದು ಸರಿಯಲ್ಲ.

ಒಂದು ಹಳೆಯ ತಪ್ಪನ್ನು ಹೇಳಿ ಮುಗಿಸುತ್ತೇನೆ. ಸುಮಾರು ನಾಲ್ಕು ದಶಕಗಳ ಹಿಂದೆ, ನಾನು ಈ ನಗರದಲ್ಲಿ ಹೊಸದಾಗಿ ಅಧಿಕಾರಿಯಾಗಿ ಬಡ್ತಿ ಪಡೆದಿದ್ದೆ. ಕಚೇರಿಯವರು ಒಂದು ಕ್ಲಬ್ಬಿನಲ್ಲಿ ಊಟ ಇಟ್ಟುಕೊಂಡಿದ್ದರು, ಮನೆಯವರನ್ನೂ ಕರೆದಿದ್ದರು. ಆಗ ಊರಿನಿಂದ ತೀರ್ಥರೂಪರು ಬಂದಿದ್ದರು. ಒಗೆದು ನೀಲಿ ಹಾಕಿದ ಪಂಚೆ, ಅಂಗಿ, ಹೆಗಲ ಮೇಲೊಂದು ಶಾಲು ಹಾಕಿಕೊಂಡು ಆರು ಗಂಟೆಗೇ ಸಿದ್ಧರಾಗಿ ಕುಳಿತಿದ್ದರು. “ಅಪ್ಪಯ್ಯ, ಅಲ್ಲಿ ನಿಮಗೆ ಹಿಡಿಸುವುದಿಲ್ಲ, ಊಟವೂ ಸರಿಹೋಗುವುದಿಲ್ಲ” ಎಂದೆ. ಅವರು ನನ್ನ ಮುಖವನ್ನೊಮ್ಮೆ ನೋಡಿ, “ಆಗಲಿ ಮಗಾ, ಮನೆಯಲ್ಲಿ ಸಾರು ಇದೆಯಲ್ಲ” ಎಂದು ಶಾಲನ್ನು ತೆಗೆದು ಮಡಚಿಟ್ಟರು. ಕ್ಲಬ್ಬಿನ ಕಾವಲುಗಾರ ಅವರನ್ನು ತಡೆಯುತ್ತಿದ್ದನೋ ಇಲ್ಲವೋ, ಅದನ್ನು ಪರೀಕ್ಷಿಸಲು ಕೂಡ ನಾನು ಬಿಡಲಿಲ್ಲ. ಬೇಲಿಯನ್ನು ನಾನೇ ಮನೆಯ ಹೊಸ್ತಿಲಿಗೆ ತಂದು ನಿಲ್ಲಿಸಿದ್ದೆ.

ಊಟಕ್ಕೆ ನಿಯಮವೇ ಬೇಡವೆಂಬುದು ನನ್ನ ವಾದವಲ್ಲ. ಹಬ್ಬದ ಊಟಕ್ಕೂ ಮಂಗಳವಾರದ ಊಟಕ್ಕೂ ವ್ಯತ್ಯಾಸವಿರಬೇಕು; ಆ ವ್ಯತ್ಯಾಸವನ್ನು ಉಡುಪು ಹೇಳಿದರೆ ಚೆನ್ನ. ನಿಯಮವನ್ನು ತೂಗಲು ನನ್ನದೊಂದು ಸಣ್ಣ ತಕ್ಕಡಿಯಿದೆ: ಬಡವನೊಬ್ಬ ಸಾಬೂನು, ನೀರು ಮತ್ತು ತನ್ನ ಅತ್ಯುತ್ತಮ ಬಟ್ಟೆಯಿಂದ ಪಾಲಿಸಬಹುದಾದ ನಿಯಮ ಮರ್ಯಾದೆ, ಹಣ ಕೊಟ್ಟು ಕೊಳ್ಳಲೇಬೇಕಾದ ನಿಯಮ ಬೇಲಿ. ಈ ತಕ್ಕಡಿಯಲ್ಲಿಟ್ಟು ನೋಡಿದರೆ ಹಳೆಯ ಹಡಗೂ ಗೆಲ್ಲುವುದಿಲ್ಲ, ಹೊಸ ಹಡಗೂ ಗೆಲ್ಲುವುದಿಲ್ಲ. ಎರಡು ಕಡೆಯೂ ತಲೆಯೆತ್ತಿ ನಡೆದದ್ದು ನನ್ನಾಕೆಯ ಸೀರೆಯೊಂದೇ. ಆ ಸೀರೆ ಭೋಜನಶಾಲೆಗೂ ಸಲ್ಲುತ್ತದೆ, ದೇವಸ್ಥಾನಕ್ಕೂ ಸಲ್ಲುತ್ತದೆ. ವೇಷ ಬದಲಿಸಿ ಬದಲಿಸಿ ಬಳಲಿದವರು ಗಂಡಸರಾದ ನಾವು.

ಮುಂದಿನ ನಮ್ಮ ಸಂಘದ ವಾರ್ಷಿಕೋತ್ಸವದ ಊಟಕ್ಕೆ ಊರಿನಿಂದ ಬಂದ ಹಿರಿಯರನ್ನು, ಅವರು ಏನು ಉಟ್ಟಿದ್ದರೆ ಅದರಲ್ಲೇ, ಕರೆದುಕೊಂಡು ಬನ್ನಿ. ಅವರ ಪಕ್ಕದಲ್ಲೇ ಕುಳಿತುಕೊಳ್ಳಿ. ಅಂದು ನಾನು ಪಂಚೆ ಉಟ್ಟು ಬರುತ್ತೇನೆ.