ತಟ್ಟೆ ಇಟ್ಟ ಮೇಲಿನ ಕೆಲಸ

ಕೊಡಗಿನ ಹುದಿಕೇರಿ ಸುತ್ತಿನ ತೋಟಗಳಲ್ಲಿ ಕಾಫಿ ಕೊಯ್ಲು ಮುಗಿದು ಕೆಲಸದವರು ಊರಿಗೆ ಹೊರಟರೆ, ಅವರು ತಂಗಿದ್ದ ಲೈನ್‌ಮನೆಯಲ್ಲಿ ಸಾಕಿಕೊಂಡಿದ್ದ ಬೆಕ್ಕುಗಳು ಎಷ್ಟೋ ಸಲ ಅಲ್ಲೇ ಉಳಿಯುತ್ತವೆ. ಅವುಗಳ ಮರಿಗಳು ಮನುಷ್ಯರ ಕೈ ಸೋಕದೆ ಕಾಡುಬಿದ್ದು ಬೆಳೆಯುತ್ತವೆ. ಇಂಥವಕ್ಕೆ ಸ್ವಂತ ಖರ್ಚಿನಲ್ಲಿ ಅನ್ನ, ಮೀನು ಹಾಕುವವರ ಮೇಲೆ ನನಗೆ ತುಂಬು ಗೌರವವಿದೆ. ತಕರಾರಿರುವುದು ತಟ್ಟೆ ಇಟ್ಟ ಕೂಡಲೇ ಕೆಲಸ ಮುಗಿಯಿತು ಅಂದುಕೊಳ್ಳುವುದರ ಬಗ್ಗೆ.

ಊಟ ಹಾಕುವುದರ ದೊಡ್ಡ ಲಾಭ ನಂಬಿಕೆ. ದಿನವೂ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಉಂಡ ಬೆಕ್ಕು ನಾಳೆ ಬೋನಿನೊಳಗಿಟ್ಟ ತಟ್ಟೆಗೂ ಬರುತ್ತದೆ. ಸಂತಾನಹರಣ ಶಸ್ತ್ರಚಿಕಿತ್ಸೆಗೆ ದಾರಿಯಾಗುವುದು ಹಾಗೆ. ಶಸ್ತ್ರಚಿಕಿತ್ಸೆ ಆದದ್ದಕ್ಕೆ ಗುರುತಾಗಿ ಕಿವಿಯ ತುದಿ ಕತ್ತರಿಸುತ್ತಾರೆ, ಅದೇ ಬೆಕ್ಕನ್ನು ಮತ್ತೆ ಹಿಡಿಯುವ ಕಷ್ಟ ತಪ್ಪುತ್ತದೆ. ಹೆಣ್ಣು ಬೆಕ್ಕು ಐದಾರು ತಿಂಗಳಿಗೇ ಗಬ್ಬವಾಗಬಲ್ಲದು, ಸುಮಾರು 65 ದಿನಕ್ಕೆ ಈಯುತ್ತದೆ. ಬರೀ ಊಟ ಹಾಕುತ್ತ ಹೋದರೆ ಹಸಿದ ಹೊಟ್ಟೆಗಳು ಹೆಚ್ಚುತ್ತವೆಯೇ ಹೊರತು ಕಡಿಮೆಯಾಗುವುದಿಲ್ಲ.

ಹೊರಗಿನ ಬೆಕ್ಕುಗಳ ರೋಗ ಊಟ ಹಾಕುವವರ ಜೊತೆ ಅವರ ಮನೆಗೂ ಬರಬಹುದಾದ್ದರಿಂದ, ಮನೆಯ ಬೆಕ್ಕಿನ ವಿಷಯದಲ್ಲಂತೂ ಅಜಾಗರೂಕತೆ ಕ್ರೌರ್ಯವೇ ಆಗಿಬಿಡುತ್ತದೆ. 2023ರಲ್ಲಿ ಬನ್ನೇರುಘಟ್ಟ ಜೈವಿಕ ಉದ್ಯಾನದಲ್ಲಿ ಏಳು ಚಿರತೆ ಮರಿಗಳು ಪ್ಯಾನ್‌ಲ್ಯೂಕೋಪೀನಿಯ ಎಂಬ ಸೋಂಕಿಗೆ ಬಲಿಯಾದವು, ಲಸಿಕೆ ಹಾಕಿಸಿದ್ದರೂ. ಬೆಕ್ಕುಗಳನ್ನು ಕೊಲ್ಲುವ ವೈರಸ್ಸೂ ಇದೇ. ನೆಲದಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ, ಚಪ್ಪಲಿಗೆ ಅಂಟಿ ಹೊಸ್ತಿಲು ದಾಟುತ್ತದೆ, ಸಾಧಾರಣ ಫಿನಾಯಿಲಿಗೆ ಜಗ್ಗುವುದಿಲ್ಲ. ಬ್ಲೀಚ್ ಬೆರೆಸಿದ ನೀರೇ ಬೇಕು. ಹಾಗಾಗಿ ಊಟ ಹಾಕಲು ಹೋಗುವ ಚಪ್ಪಲಿ ಬೇರೆ ಇರಲಿ, ಹೊರಗಡೆಯೇ ಇರಲಿ. ತಟ್ಟೆಗಳು ಬೆರೆಯಬಾರದು. ಕೈಕಾಲು ತೊಳೆದು ಬಟ್ಟೆ ಬದಲಿಸುವ ತನಕ ಮನೆಯ ಬೆಕ್ಕನ್ನು ಮುಟ್ಟಬಾರದು. ಮನೆಯ ಮರಿಗೆ ಆರರಿಂದ ಎಂಟು ವಾರದೊಳಗೆ ಲಸಿಕೆ ಶುರುವಾಗಿ, ಮೂರು ನಾಲ್ಕು ವಾರಕ್ಕೊಮ್ಮೆ, 16 ವಾರದವರೆಗೂ ನಡೆಯಬೇಕು. ರೇಬೀಸ್ ಲಸಿಕೆ ಬೇರೆ. ಕಚ್ಚಾಟದಿಂದ ಹರಡುವ ರೋಗಗಳೂ ಇರುವುದರಿಂದ ಮನೆಯ ಬೆಕ್ಕನ್ನು ಹೊರಗಿನವುಗಳ ಜೊತೆ ಅಲೆಯಲು ಬಿಡದಿರುವುದೇ ಕ್ಷೇಮ.

2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಊಟ ಹಾಕುವ ಜಾಗ ಮೆಟ್ಟಿಲು, ಬಾಗಿಲು, ಮಕ್ಕಳು ಆಡುವ ಕಡೆಯಿಂದ ದೂರವಿರಲಿ ಎನ್ನುತ್ತವೆ. ಅಪಾರ್ಟ್‌ಮೆಂಟುಗಳಿಗೆ ಸರಿ. ಬ್ರಹ್ಮಗಿರಿ ಬೆಟ್ಟದ ತಪ್ಪಲಿನ ಈ ತೋಟಗಳಿಗೆ ಅಷ್ಟು ಸಾಲದು. ಮುಸ್ಸಂಜೆಗೆ ಇಟ್ಟು ಬಂದ ಮೀನಿಗೆ ಪುನುಗುಬೆಕ್ಕು ಬರುತ್ತದೆ, ಹಂದಿ ಬರುತ್ತದೆ; ಗುಂಪುಗೂಡಿದ ಬೆಕ್ಕುಗಳನ್ನು ಹುಡುಕಿ ಚಿರತೆಯೂ ಬರಬಹುದು. ನಾಡಬೆಕ್ಕಿನ ರೋಗ ಕಾಡಬೆಕ್ಕಿಗೆ ದಾಟುವುದೂ ಇಂಥ ಕಡೆಯೇ. ಇಲ್ಲಿ ಹಗಲಲ್ಲೇ ಹಾಕಬೇಕು, ಅರ್ಧ ಗಂಟೆ ಕಾದು ಉಳಿದದ್ದನ್ನು ಎತ್ತಿಕೊಂಡೇ ಬರಬೇಕು.

ಇನ್ನು ಖರ್ಚು. ಗೋದಾಮಿನ ಇಲಿ ಹಿಡಿದುಕೊಡುವ ಬೆಕ್ಕುಗಳಿಂದ ಲಾಭ ಪಡೆಯುವ ತೋಟದ ಮಾಲೀಕರು ಶಸ್ತ್ರಚಿಕಿತ್ಸೆಯ ಹಣ ಕೊಡುವುದು ನ್ಯಾಯ. ಶಸ್ತ್ರಚಿಕಿತ್ಸೆಯೂ ಕೊಯ್ಲು ನಡೆಯುತ್ತಿರುವಾಗಲೇ ಆಗಲಿ. ಆಗಿನ್ನೂ ಬೆಕ್ಕುಗಳು ಲೈನ್‌ಮನೆಯವರ ತೊಡೆಯೇರಿ ಕೂರುತ್ತಿರುತ್ತವೆ. ಹಿಡಿಯಲು ಬೋನೂ ಬೇಕಾಗುವುದಿಲ್ಲ.