‘ತೈಹೇಕಿ’ಯಲ್ಲಿ ಸ್ವಾಮಿನಿಷ್ಠೆ: ಒಂದು ಮರುಪರಿಶೀಲನೆ

ಸಮುರಾಯಿ ಎಂದೊಡನೆ ಪ್ರಶ್ನಾತೀತ ಸ್ವಾಮಿನಿಷ್ಠೆಯನ್ನು ನೆನೆಯುವುದು ವಾಡಿಕೆ. ಈ ಕಲ್ಪನೆಗೆ ಆಧಾರವಾಗಿ ಬಳಕೆಯಾದ ಕೃತಿಗಳಲ್ಲಿ 14ನೆಯ ಶತಮಾನದ ಯುದ್ಧಕಥನ ‘ತೈಹೇಕಿ’ ಮುಖ್ಯವಾದುದು. ಆದರೆ ಅದನ್ನು ಅದರ ಕಾಲದ ರಾಜಕಾರಣದೊಡನೆ ಇರಿಸಿ ಓದಿದಾಗ ನಿಷ್ಠೆಯ ಸ್ವರೂಪ ಅಷ್ಟು ಸರಳವಾಗಿ ತೋರುವುದಿಲ್ಲ.

13ನೆಯ ಶತಮಾನದ ಉತ್ತರಾರ್ಧದಿಂದಲೇ ಜಪಾನಿನ ರಾಜವಂಶವು ಜಿಮ್ಯೋಇನ್, ದೈಕಾಕುಜಿ ಎಂಬ ಎರಡು ಶಾಖೆಗಳಾಗಿ ಒಡೆದಿತ್ತು. ದೈಕಾಕುಜಿ ಶಾಖೆಯ ಗೋ-ದೈಗೊ ಚಕ್ರವರ್ತಿಯು 1333ರಲ್ಲಿ ಕಾಮಾಕುರಾ ಆಡಳಿತ ಕುಸಿದ ಮೇಲೆ ನೇರ ಆಳ್ವಿಕೆಗೆ ತೊಡಗಿದನು. ಭೂಮಿಯ ಹಂಚಿಕೆಯಲ್ಲಿ ನ್ಯಾಯ ದೊರೆಯಲಿಲ್ಲವೆಂದು ಯೋಧರು ಅಸಮಾಧಾನಗೊಂಡರು. ಅಶಿಕಾಗಾ ತಕಾವುಜಿ ಬಂಡೆದ್ದಾಗ ಅನೇಕರು ಅವನ ಪಕ್ಷ ಸೇರಿದರು. ಅವನೂ 1336ರಲ್ಲಿ ಜಿಮ್ಯೋಇನ್ ಶಾಖೆಯ ನಿವೃತ್ತ ಚಕ್ರವರ್ತಿ ಕೋಗೊನ್‌ನ ಆಜ್ಞಾಪತ್ರವನ್ನು ಪಡೆದೇ ಹೋರಾಡಿದನು. ಹೀಗಾಗಿ ‘ಚಕ್ರವರ್ತಿಗೆ ನಿಷ್ಠೆ’ ಎಂಬ ಮಾತಿನ ಬೆನ್ನಿಗೇ ‘ಯಾವ ಚಕ್ರವರ್ತಿಗೆ?’ ಎಂಬ ಪ್ರಶ್ನೆಯೂ ಇತ್ತು. ಗಾಯ, ಸಾವುಗಳನ್ನು ಪಟ್ಟಿಮಾಡಿ ಯೋಧರು ಸಲ್ಲಿಸುತ್ತಿದ್ದ ‘ಗುಂಚೂಜೋ’ ಎಂಬ ಸೇವಾಪತ್ರಗಳು, ನಿಷ್ಠೆಯು ಪ್ರತಿಫಲವನ್ನು ನಿರೀಕ್ಷಿಸುವ ಸಂಬಂಧವಾಗಿತ್ತೆಂಬುದನ್ನು ತಿಳಿಸುತ್ತವೆ. ತಕಾವುಜಿಯೇ 1351ರಲ್ಲಿ, ತಮ್ಮನಾದ ತದಯೋಶಿಯೊಡನೆ ಕಲಹವಿದ್ದಾಗ, ತಾನು ವಿರೋಧಿಸಿದ್ದ ದಕ್ಷಿಣ ಆಸ್ಥಾನಕ್ಕೆ ಶರಣಾದನು.

ಈ ಹಿನ್ನೆಲೆಯಲ್ಲಿ ಕುಸುನೋಕಿ ಮಸಶಿಗೆಯ ಪಾತ್ರವನ್ನು ಗಮನಿಸಬೇಕು. ಚಕ್ರವರ್ತಿಯು ಹಿಯೆಯ್ ಬೆಟ್ಟಕ್ಕೆ ಹಿಂದೆ ಸರಿಯಲಿ, ರಾಜಧಾನಿಯನ್ನು ಹೊಕ್ಕ ಶತ್ರುವಿಗೆ ಆಹಾರ ಪೂರೈಕೆಯನ್ನು ತಡೆಯೋಣ ಎಂಬುದು ಅವನ ಸಲಹೆ. ಆಸ್ಥಾನವು ಅದನ್ನು ತಳ್ಳಿಹಾಕುತ್ತದೆ. ಸೋಲನ್ನು ಬಲ್ಲವನಾಗಿಯೇ ಅವನು ಮಿನಾತೊಗಾವಾಕ್ಕೆ ಹೋಗಿ 1336ರಲ್ಲಿ ಮಡಿಯುತ್ತಾನೆ. ಏಳು ಜನ್ಮವೆತ್ತಿ ರಾಜದ್ರೋಹಿಗಳನ್ನು ನಾಶಮಾಡುವೆನೆಂಬ ತಮ್ಮನ ಹಂಬಲವನ್ನು ಅವನು ಪಾಪಚಿಂತನೆಯೆಂದು ಗುರುತಿಸುತ್ತಾನೆ. ಗುರುತಿಸಿಯೂ ಅದರಲ್ಲಿ ಪಾಲುಗೊಳ್ಳುತ್ತಾನೆ. ವೀರನನ್ನು ಮೆಚ್ಚುತ್ತಲೇ ಅವನನ್ನು ಬಲಿಗೊಟ್ಟ ಆಸ್ಥಾನದ ಅವಿವೇಕವನ್ನು ಕೃತಿಯು ಮರೆಮಾಚುವುದಿಲ್ಲ. ಇದೇ ಅದರ ಹಿರಿಮೆ.

ನಂತರದ ಓದು ಈ ವಿಮರ್ಶೆಯ ಅಂಶವನ್ನು ಕೈಬಿಟ್ಟು ಬಲಿದಾನವನ್ನಷ್ಟೇ ಉಳಿಸಿಕೊಂಡಿತು. 1872ರಲ್ಲಿ ಮಸಶಿಗೆಗೆ ಮಿನಾತೊಗಾವಾ ದೇಗುಲ ಸ್ಥಾಪನೆಯಾಯಿತು. 1911ರಲ್ಲಿ ಸರ್ಕಾರವು ದಕ್ಷಿಣ ಆಸ್ಥಾನವೇ ನ್ಯಾಯಬದ್ಧವೆಂದು ನಿರ್ಧರಿಸಿತು. ಆಗ ಆಳುತ್ತಿದ್ದ ಮೆಯ್ಜಿ ಚಕ್ರವರ್ತಿ ಉತ್ತರ ಶಾಖೆಯ ವಂಶಜನೆಂಬುದು ಇಲ್ಲಿನ ವಿಪರ್ಯಾಸ. 1945ರಲ್ಲಿ ಒಕಿನಾವಾದ ಆತ್ಮಾಹುತಿ ವಿಮಾನದಾಳಿಗಳಿಗೆ ಮಸಶಿಗೆಯ ಲಾಂಛನವಾದ ‘ಕಿಕುಸುಯಿ’ಯ ಹೆಸರನ್ನೇ ಇಡಲಾಯಿತು.

ಕಾವ್ಯವು ಶೋಕಿಸಿದ ಮರಣವನ್ನು ಪ್ರಭುತ್ವವು ಆದೇಶವಾಗಿ ಮಾರ್ಪಡಿಸಿತು. ‘ತೈಹೇಕಿ’ಯ ಮರು ಓದಿನಲ್ಲಿ, ಮಸಶಿಗೆಯ ಸಾವಿಗಿಂತ ಮೊದಲು ಅವನ ತಿರಸ್ಕೃತ ಸಲಹೆಗೆ ಮನ್ನಣೆ ಸಲ್ಲಬೇಕು.