ಎರಡು ಸ್ಲೈಸ್‌ನ ಟೋಸ್ಟರ್: ಒಂದು ವಿಮರ್ಶೆ

ಶಿಕಾರಿಪುರ ಪೇಟೆಯ ಮನೆಯೊಂದರಲ್ಲಿ ಮೂರು ವರ್ಷ ತೊಂದರೆಯಿಲ್ಲದೆ ದುಡಿದ ಟೋಸ್ಟರ್ ಒಂದು, ಮದುವೆಯಾದ ಮಗಳ ಜೊತೆ ಸೊರಬದ ಕಡೆಯ ತೋಟದ ಮನೆಗೆ ಹೋಯಿತು. ಶಿಕಾರಿಪುರದಲ್ಲಿ ಅದರ ಗುಂಡಿಯನ್ನು 3ಕ್ಕೆ ತಿರುಗಿಸಿದರೆ ಬ್ರೆಡ್ ಹೊಂಬಣ್ಣಕ್ಕೆ ಬರುತ್ತಿತ್ತು. ತೋಟದ ಮನೆಯಲ್ಲಿ ಅದೇ 3ರಲ್ಲಿ ಬ್ರೆಡ್ ಬರೀ ಬಿಸಿಯಾಗಿ, ಬೆಳ್ಳಗೆ, ಮೆತ್ತಗೆ ಹೊರಬಂತು. ಕೆಲವು ಸಂಜೆ ಒತ್ತಿದ ಹಿಡಿ ಕೆಳಗೆ ನಿಲ್ಲಲೇ ಇಲ್ಲ. ರಿಪೇರಿ ಅಂಗಡಿಗೆ ಒಯ್ದರೆ ಅಲ್ಲಿ ಸರಿಯಾಗಿ ಕೆಲಸ ಮಾಡಿತು. ಮನೆಗೆ ತಂದರೆ ಮತ್ತೆ ಅದೇ ಕಥೆ. "ಬ್ರೆಡ್ ಸುಡುವುದಕ್ಕೂ ಬರುವುದಿಲ್ಲವಲ್ಲ" ಎಂಬ ಮಾತನ್ನು ಆ ಹುಡುಗಿ ಕೇಳಬೇಕಾಯಿತು. ಕಡೆಗೊಂದು ಬೆಳಿಗ್ಗೆ ದಪ್ಪನೆಯ ಸ್ಲೈಸ್ ಒಳಗೆ ಸಿಕ್ಕಿಕೊಂಡಾಗ ಆಕೆ ಸ್ಟೀಲ್ ಚಾಕು ಹಾಕಿ ಅದನ್ನು ಎಬ್ಬಿಸತೊಡಗಿದಳು. ಪ್ಲಗ್ ಸಾಕೆಟ್‌ನಲ್ಲೇ ಇತ್ತು, ಸ್ವಿಚ್ಚೂ ಹಾಕಿತ್ತು. ಆ ಹೊತ್ತಿಗೆ ಕರೆಂಟು ಹೋಗಿದ್ದುದರಿಂದ ಮಾತ್ರ ಅನಾಹುತ ತಪ್ಪಿತು.

ಆ ಕುಟುಂಬ ನನಗೆ ಪರಿಚಿತ. "ಸಾರ್, ಇದರಲ್ಲಿ ಏನು ಕೆಟ್ಟಿದೆ, ನೋಡಿ ಹೇಳಿ" ಎಂದು ಟೋಸ್ಟರನ್ನು ನನ್ನ ಮೇಜಿನ ಮೇಲೆ ತಂದಿಟ್ಟರು. ನೋಡಿದೆ. ಯಂತ್ರ ಕೆಟ್ಟಿರಲಿಲ್ಲ. ಬ್ರೆಡ್ ಬೆಳ್ಳಗಿದ್ದುದಕ್ಕೆ ಹುಡುಗಿಯೂ ಕಾರಣಳಲ್ಲ. ಯಂತ್ರ ತನ್ನ ಬಗ್ಗೆ ಹೇಳಿಕೊಳ್ಳುವುದಕ್ಕೂ ಅದು ನಿಜವಾಗಿ ಮಾಡುವುದಕ್ಕೂ ಇರುವ ಅಂತರವೇ ಎಲ್ಲದರ ಮೂಲವಾಗಿತ್ತು. ಪುಸ್ತಕವನ್ನು ವಿಮರ್ಶಿಸುವಂತೆ ಮನೆಬಳಕೆಯ ಉಪಕರಣವನ್ನೂ ವಿಮರ್ಶಿಸಬೇಕು ಎನ್ನುವುದು ಇದಕ್ಕಾಗಿಯೇ.

ಗುಂಡಿಯ ಅಂಕೆ ಏನನ್ನು ಅಳೆಯುತ್ತದೆ?

ಟೋಸ್ಟರ್‌ನ ಡಬ್ಬಿಯ ಮೇಲೆ ಸಾಮಾನ್ಯವಾಗಿ "ಬಣ್ಣದ ಆರು ಹಂತ" ಅಥವಾ "ಏಳು ಹಂತ" ಎಂದಿರುತ್ತದೆ. ಗುಂಡಿಯ ಸುತ್ತ 1ರಿಂದ 6 ಅಥವಾ 7ರವರೆಗೆ ಅಂಕೆಗಳು. ಕೊಳ್ಳುವವರು ಇದನ್ನು ಉಷ್ಣತೆ ಎಂದೋ, ಬ್ರೆಡ್ಡಿನ ಬಣ್ಣವನ್ನು ಯಂತ್ರವೇ ನೋಡಿಕೊಳ್ಳುತ್ತದೆ ಎಂದೋ ತಿಳಿಯುತ್ತಾರೆ. ಎರಡೂ ತಪ್ಪು. ಈಗ ಮಾರಾಟದಲ್ಲಿರುವ ಬಹುತೇಕ ಟೋಸ್ಟರ್‌ಗಳಲ್ಲಿ ಈ ಅಂಕೆ ಸೂಚಿಸುವುದು ಕಾಲವನ್ನು ಮಾತ್ರ.

ಒಳಗೆ ಅಭ್ರಕದ ಹಾಳೆಗಳಿಗೆ ಸುತ್ತಿದ ನಿಕ್ರೋಮ್ ತಂತಿ ಇರುತ್ತದೆ. ಇದು ನಿಕ್ಕಲ್ ಮತ್ತು ಕ್ರೋಮಿಯಮ್‌ಗಳ ಮಿಶ್ರಲೋಹ. ಕೆಂಪಗೆ ಕಾದರೂ ಗಾಳಿಯ ಆಕ್ಸಿಜನ್‌ಗೆ ಬೇಗ ಬಲಿಯಾಗದ ಈ ಬಗೆಯ ತಂತಿಗೆ ಅಮೆರಿಕದ ಆಲ್ಬರ್ಟ್ ಮಾರ್ಷ್ 1906ರಲ್ಲಿ ಪೇಟೆಂಟ್ ಪಡೆದರು. ಅದಾದ ಮೇಲೆಯೇ ವಿದ್ಯುತ್ ಟೋಸ್ಟರ್ ಸಾಧ್ಯವಾದದ್ದು. 1909ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿ ಮಾರುಕಟ್ಟೆಗೆ ತಂದ ಟೋಸ್ಟರ್ ಒಂದು ಸಲಕ್ಕೆ ಬ್ರೆಡ್ಡಿನ ಒಂದೇ ಮೈಯನ್ನು ಕಾಯಿಸುತ್ತಿತ್ತು. ಪಕ್ಕದಲ್ಲಿ ನಿಂತು, ನೋಡಿ, ಕೈಯಿಂದ ಮಗುಚಬೇಕಿತ್ತು. ತಾನಾಗಿ ನಿಂತು ಬ್ರೆಡ್ಡನ್ನು ಮೇಲಕ್ಕೆ ಎತ್ತುವ ಟೋಸ್ಟರ್‌ಗೆ ಚಾರ್ಲ್ಸ್ ಸ್ಟ್ರೈಟ್ ಅವರಿಗೆ ಪೇಟೆಂಟ್ ದೊರೆತದ್ದು 1921ರಲ್ಲಿ. ಗಮನಿಸಿ: ಅಲ್ಲಿಯವರೆಗೆ ಮನುಷ್ಯನ ಕಣ್ಣು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಗಡಿಯಾರಕ್ಕೆ ವಹಿಸಲಾಯಿತು. ಗಡಿಯಾರಕ್ಕೆ ಕಣ್ಣಿಲ್ಲ.

ಇಂದಿನ ಟೋಸ್ಟರ್‌ನಲ್ಲಿ ಹಿಡಿಯನ್ನು ಕೆಳಗೊತ್ತಿದಾಗ ಸಂಪರ್ಕ ಕೂಡಿ ತಂತಿ ಕಾಯುತ್ತದೆ. ಚಿಕ್ಕ ವಿದ್ಯುತ್ಕಾಂತವೊಂದು ಹಿಡಿಯನ್ನು ಕೆಳಗೇ ಹಿಡಿದಿಡುತ್ತದೆ. ಗುಂಡಿಯಲ್ಲಿ ಗೊತ್ತುಪಡಿಸಿದ ಕಾಲ ಮುಗಿದೊಡನೆ ವಿದ್ಯುತ್ಕಾಂತಕ್ಕೆ ಹರಿಯುವ ವಿದ್ಯುತ್ತು ನಿಲ್ಲುತ್ತದೆ, ಸ್ಪ್ರಿಂಗ್ ಬ್ರೆಡ್ಡನ್ನು ಎತ್ತುತ್ತದೆ, ಸಂಪರ್ಕ ಕಡಿಯುತ್ತದೆ. ಬ್ರೆಡ್ ಕೆಂಪಗಾಯಿತೇ ಎಂದು ಈ ಏರ್ಪಾಡಿನಲ್ಲಿ ಯಾವ ಭಾಗವೂ ಕೇಳುವುದಿಲ್ಲ.

ಲೈನಿನ ಕೊನೆಯ ಮನೆ

ಈಗ ತೋಟದ ಮನೆಗೆ ಬರೋಣ. ಟ್ರಾನ್ಸ್‌ಫಾರ್ಮರ್‌ನಿಂದ ಮನೆಗೆ ಬರುವ ತಂತಿಗೂ ರೋಧವಿದೆ. ಲೈನ್ ಉದ್ದವಾದಷ್ಟೂ ರೋಧ ಹೆಚ್ಚು. ಅದರಲ್ಲಿ ಹರಿಯುವ ವಿದ್ಯುತ್ತು ಹೆಚ್ಚಿದಷ್ಟೂ ದಾರಿಯಲ್ಲೇ ಕಳೆದುಹೋಗುವ ವೋಲ್ಟೇಜ್ ಹೆಚ್ಚು. ಪೇಟೆಯಲ್ಲಿ ಟ್ರಾನ್ಸ್‌ಫಾರ್ಮರ್ ಸಮೀಪದ ಮನೆಗೆ 230 ವೋಲ್ಟ್ ಸಿಗುವ ಹೊತ್ತಿಗೆ, ಪಂಪ್‌ಸೆಟ್‌ಗಳೂ ದೀಪಗಳೂ ಒಟ್ಟಿಗೆ ಉರಿಯುವಾಗ, ಲೈನಿನ ಕೊನೆಯ ಮನೆಗೆ 190 ವೋಲ್ಟ್ ಸಿಕ್ಕಿತೆನ್ನಿ.

ರೋಧ ಹೆಚ್ಚುಕಡಿಮೆ ಸ್ಥಿರವಾಗಿದ್ದಾಗ ವಿದ್ಯುತ್ ಸಾಮರ್ಥ್ಯ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿರುತ್ತದೆ. 230 ವೋಲ್ಟ್‌ಗೆ 750 ವ್ಯಾಟ್‌ನ ಟೋಸ್ಟರ್ 190 ವೋಲ್ಟ್‌ನಲ್ಲಿ ಕೊಡುವುದು ಸುಮಾರು 512 ವ್ಯಾಟ್. ವೋಲ್ಟೇಜ್ ಶೇಕಡಾ 17ರಷ್ಟು ಇಳಿದರೆ ಶಾಖ ಶೇಕಡಾ 32ರಷ್ಟು ಇಳಿಯುತ್ತದೆ! ಎರಡು ನಿಮಿಷದಲ್ಲಿ ಸಿಗುತ್ತಿದ್ದ ಶಕ್ತಿ ಸಿಗಲು ಈಗ ಸುಮಾರು ಮೂರು ನಿಮಿಷ ಬೇಕು. ಟೋಸ್ಟರ್‌ನ ಗಡಿಯಾರ ಮಾತ್ರ ಎರಡೇ ನಿಮಿಷಕ್ಕೆ ಗಂಟೆ ಬಾರಿಸುತ್ತದೆ.

ವಿಷಯ ಅಷ್ಟಕ್ಕೇ ಮುಗಿಯುವುದಿಲ್ಲ. ಬ್ರೆಡ್ಡಿಗೆ ಶಾಖ ಮುಖ್ಯವಾಗಿ ತಲುಪುವುದು ಅವಕೆಂಪು ವಿಕಿರಣದ ಮೂಲಕ. ತಂತಿಯ ಉಷ್ಣತೆ 700 ಡಿಗ್ರಿ ಸೆಲ್ಸಿಯಸ್ ಇತ್ತು, ಶಾಖವೆಲ್ಲ ವಿಕಿರಣವಾಗಿಯೇ ಹೊರಬೀಳುತ್ತದೆ ಎಂದಿಟ್ಟುಕೊಂಡರೆ, ಸ್ಟೀಫನ್–ಬೋಲ್ಟ್ಸ್‌ಮನ್ ನಿಯಮದ ಪ್ರಕಾರ 190 ವೋಲ್ಟ್‌ನಲ್ಲಿ ಅದು ಸುಮಾರು 610 ಡಿಗ್ರಿಗೆ ಇಳಿಯುತ್ತದೆ. ಬ್ರೆಡ್ ಕಂದುಬಣ್ಣಕ್ಕೆ ತಿರುಗುವುದು ಸಕ್ಕರೆ ಮತ್ತು ಅಮೈನೊ ಆಮ್ಲಗಳ ನಡುವಿನ ಕ್ರಿಯೆಯಿಂದ. ಫ್ರಾನ್ಸಿನ ಲೂಯಿ ಕಮೀಯ್ ಮೈಯಾರ್ 1912ರಲ್ಲಿ ಇದನ್ನು ವಿವರಿಸಿದರು. ಈ ಕ್ರಿಯೆ ಚುರುಕಾಗುವುದು ಸುಮಾರು 140 ಡಿಗ್ರಿಯ ಮೇಲೆ. ಮೇಲ್ಮೈಯ ನೀರು ಆರುವವರೆಗೆ ಉಷ್ಣತೆ 100 ಡಿಗ್ರಿಯ ಆಸುಪಾಸಿನಲ್ಲೇ ತಡೆದು ನಿಲ್ಲುತ್ತದೆ. ಶಾಖ ನಿಧಾನವಾಗಿ ಬಂದರೆ ನೀರು ಆರುವುದರಲ್ಲೇ ಸಮಯ ಮುಗಿಯುತ್ತದೆ. ಬಣ್ಣ ಹುಟ್ಟುವ ಹಂತ ಬರುವುದೇ ಇಲ್ಲ. ಆ ಮನೆಯ ಬ್ರೆಡ್ ಬಿಸಿಯಾಗಿಯೂ ಬೆಳ್ಳಗೆ ಇದ್ದದ್ದು ಹೀಗೆ. ಸಂಜೆ ಹಿಡಿ ಕೆಳಗೆ ನಿಲ್ಲದಿದ್ದುದಕ್ಕೂ ಕಾರಣ ಅದೇ: ವೋಲ್ಟೇಜ್ ತೀರ ಇಳಿದಾಗ ವಿದ್ಯುತ್ಕಾಂತಕ್ಕೆ ಹಿಡಿದಿಡುವಷ್ಟು ಬಲವಿರಲಿಲ್ಲ.

ಮೀಟರ್ ದೀಪದ ಪ್ರಯೋಗ

ಇದನ್ನು ನೀವೇ ಪರೀಕ್ಷಿಸಬಹುದು. ಯಾವ ತಂತಿಯನ್ನೂ ಮುಟ್ಟಬೇಕಿಲ್ಲ. ಮನೆಯ ಎಲೆಕ್ಟ್ರಾನಿಕ್ ಮೀಟರ್‌ನಲ್ಲಿ ಮಿನುಗುವ ಪುಟ್ಟ ಕೆಂಪು ದೀಪವಿದೆ. ಒಂದು ಯೂನಿಟ್‌ಗೆ ಅದು ಎಷ್ಟು ಸಲ ಮಿನುಗುತ್ತದೆಂದು ಮೀಟರ್ ಮೇಲೆಯೇ ಬರೆದಿರುತ್ತದೆ. ಉದಾಹರಣೆಗೆ 3200 ಎಂದಿದೆ ಎನ್ನೋಣ. ಫ್ರಿಜ್, ಫ್ಯಾನ್, ದೀಪ ಎಲ್ಲವನ್ನೂ ಆರಿಸಿ, ಟೋಸ್ಟರ್‌ನಲ್ಲಿ ಬ್ರೆಡ್ ಇಟ್ಟು, ಒಬ್ಬರು ಹಿಡಿ ಒತ್ತಲಿ, ಇನ್ನೊಬ್ಬರು ಒಂದು ನಿಮಿಷ ಮಿನುಗು ಎಣಿಸಲಿ. 750 ವ್ಯಾಟ್ ಪೂರ್ತಿ ಸಿಗುತ್ತಿದ್ದರೆ ಎಣಿಕೆ 40. ಎಣಿಕೆ 27ಕ್ಕೆ ಇಳಿದಿದ್ದರೆ ನಿಮ್ಮ ಮನೆಗೆ ಬರುತ್ತಿರುವುದು ಸುಮಾರು 190 ವೋಲ್ಟ್. ಡಬ್ಬಿಯ ಮೇಲಿನ ವ್ಯಾಟ್ ಕರಾರುವಾಕ್ಕಾಗಿ ಇರದಿರಬಹುದು. ಆದ್ದರಿಂದ ಅದೇ ಟೋಸ್ಟರನ್ನು ಪೇಟೆಯ ಮನೆಯೊಂದರಲ್ಲೂ ಎಣಿಸಿ ಹೋಲಿಸುವುದು ಒಳ್ಳೆಯದು.

ತೋಟದ ಮನೆಯವರೂ ಎಣಿಸಿದರು. ಬೆಳಿಗ್ಗೆಗಿಂತ ಸಂಜೆ, ಶಿಕಾರಿಪುರಕ್ಕಿಂತ ಅಲ್ಲಿ, ಎಣಿಕೆ ಕಡಿಮೆ ಬಂತು. ಹುಡುಗಿಯ ಮೇಲಿನ ಆರೋಪ ಅಂದೇ ಬಿದ್ದುಹೋಯಿತು. 1956ರ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳು ಮನೆಗಳಿಗೆ ಬರುವ ವೋಲ್ಟೇಜಿನಲ್ಲಿ ಶೇಕಡಾ 6ರ ಏರಿಳಿತವನ್ನಷ್ಟೇ ಒಪ್ಪಿದ್ದವು. ಎಣಿಕೆ 35ಕ್ಕಿಂತ ಕೆಳಗಿದ್ದರೆ ಆ ಮಿತಿ ಮೀರಿದಂತೆ. ಬರಿಗೈಯಲ್ಲಿ ಗೊಣಗುವುದಕ್ಕಿಂತ ದಿನಾಂಕ, ಸಮಯ, ಎಣಿಕೆ ಬರೆದ ಹಾಳೆಯೊಂದಿಗೆ ದೂರು ಕೊಡುವುದು ಮೇಲಲ್ಲವೇ?

ಇದರ ನಿಜವಾದ ಗುಣ

ಹಾಗಾದರೆ ಟೋಸ್ಟರ್ ನಿಷ್ಪ್ರಯೋಜಕವೇ? ಅಲ್ಲ. ಅದರ ದೊಡ್ಡ ಗುಣ ಡಬ್ಬಿಯ ಮೇಲೆ ಬರೆದಿರುವುದಿಲ್ಲ. ಅದು ತಾನಾಗಿ ಬಿಟ್ಟುಬಿಡುತ್ತದೆ. ಕಾಲ ಮುಗಿದರೂ ಬಿಡುತ್ತದೆ, ನಡುವೆ ಕರೆಂಟು ಹೋದರೂ ಬಿಡುತ್ತದೆ. ಹೋದ ಕರೆಂಟು ಮತ್ತೆ ಬಂದಾಗ ಇಸ್ತ್ರಿಪೆಟ್ಟಿಗೆಯಂತೆ ತಾನೇ ಕಾಯತೊಡಗುವುದಿಲ್ಲ. ಹೇಳದೆ ಕೇಳದೆ ಕರೆಂಟು ಹೋಗಿಬರುವ ನಮ್ಮ ಊರುಗಳಿಗೆ ಇದು ಸಣ್ಣ ಗುಣವಲ್ಲ.

ಆದರೆ ಈ ಗುಣ ಕೈಕೊಡುವ ಸಂದರ್ಭ ಒಂದಿದೆ. ಸ್ಲೈಸ್ ಸಿಕ್ಕಿಕೊಂಡು ಹಿಡಿ ಮೇಲೇಳದಿದ್ದರೆ ಸಂಪರ್ಕವೂ ಕಡಿಯದೆ ಉಳಿಯಬಹುದು. ಆ ಬೆಳಿಗ್ಗೆ ಆಗಿದ್ದು ಅದೇ. ಚಾಕು ಒಳಗಿರುವಾಗ ಕರೆಂಟು ಬಂದಿದ್ದರೆ ಬರಿಯ ನಿಕ್ರೋಮ್ ತಂತಿಗೂ ಆಕೆಯ ಕೈಗೂ ನಡುವೆ ಇದ್ದದ್ದು ಸ್ಟೀಲ್ ಮಾತ್ರ. ಕಾಲ ಕೆಳಗೆ ಮಳೆಗಾಲದ ತೇವದ ನೆಲ. ಮೂರು ಪಿನ್ನಿನ ಪ್ಲಗ್ಗಿದೆ, ಅರ್ಥಿಂಗ್ ಇದೆ ಎಂದು ಧೈರ್ಯ ತಾಳುವಂತಿಲ್ಲ. ಅರ್ಥಿಂಗ್ ಕಾಯುವುದು ಯಂತ್ರದ ಲೋಹದ ಹೊರಕವಚ ಮುಟ್ಟಿದವರನ್ನು. ಒಳಗೆ ಚಾಕು ತೂರಿಸಿದವರನ್ನಲ್ಲ. ಅಂಥ ಹೊತ್ತಿನಲ್ಲಿ ನೆರವಾಗಬಲ್ಲದ್ದು ಮನೆಯ ಬೋರ್ಡಿನಲ್ಲಿ ಅಳವಡಿಸುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ. ಅದರ ನೆರವೂ ಖಾತರಿಯಲ್ಲ. ಪ್ಲಗ್ ಕಿತ್ತು, ಆರಲು ಬಿಟ್ಟು, ಮಗುಚಿ ಅಲುಗಿಸಿ, ಬೇಕಾದರೆ ಮರದ ಕಡ್ಡಿ ಬಳಸಿ ತೆಗೆಯುವುದೊಂದೇ ಸರಿಯಾದ ಕ್ರಮ.

ಅಂಗಡಿಯಲ್ಲಿ

ಇಷ್ಟು ತಿಳಿದ ಮೇಲೆ ಆಯ್ಕೆ ಸುಲಭ. ನೀವು ಹುಡುಕಬೇಕಾದ್ದು ಚೆನ್ನಾಗಿ ಬಿಟ್ಟುಕೊಡುವ ಟೋಸ್ಟರನ್ನು. ನೀವು ದಿನವೂ ತರುವ ಬೇಕರಿಯ ಎರಡು ಸ್ಲೈಸ್ ಅಂಗಡಿಗೆ ಒಯ್ಯಿರಿ. ಬ್ರೆಡ್ ಕೊಯ್ಯುವ ಯಂತ್ರ ಅಮೆರಿಕದಲ್ಲಿ ಮೊದಲು ಮಾರಾಟಕ್ಕೆ ದುಡಿದದ್ದು 1928ರಲ್ಲಿ. ಟೋಸ್ಟರ್‌ನ ಸೀಳು ಅಂಥ ಸಮನಾದ ಸ್ಲೈಸ್‌ಗೆ ಒಗ್ಗಿದ್ದು. ನಮ್ಮ ಬೇಕರಿಗಳಲ್ಲಿ ಕೈಯಿಂದ ಕೊಯ್ದ ಬ್ರೆಡ್ ದಪ್ಪಗಿರಬಹುದು, ಮೇಲೆ ಉಬ್ಬಿರಬಹುದು. ಸ್ಲೈಸ್ ತಡೆಯಿಲ್ಲದೆ ಇಳಿದು, ಹಿಡಿಯನ್ನು ಕೈಯಿಂದ ಮೇಲೆತ್ತಿದಾಗ ಬೆರಳಿಗೆ ಸಿಗುವಷ್ಟು ಹೊರಬರಬೇಕು. ಮಧ್ಯದಲ್ಲೇ ನಿಲ್ಲಿಸುವ ಗುಂಡಿ, ಕೆಳಗೆ ಪುಡಿ ತೆಗೆಯುವ ತಟ್ಟೆ, ಮೂರು ಪಿನ್ನಿನ ಪ್ಲಗ್, ಐಎಸ್‌ಐ ಗುರುತು ಇರಲಿ. ಮೇಲೆ ಮುಚ್ಚಳವಿದ್ದರೆ ಜಿರಳೆ, ಹಲ್ಲಿಗಳಿಂದ ರಕ್ಷಣೆ. ಆದರೆ ಟೋಸ್ಟರ್ ಆರಿದ ಮೇಲೆಯೇ ಅದನ್ನು ಮುಚ್ಚಬೇಕು. "ಮತ್ತೆ ಬಿಸಿಮಾಡು", "ಹಿಮ ಕರಗಿಸು" ಎಂಬ ಗುಂಡಿಗಳಿಗೆ ಹೆಚ್ಚು ಹಣ ಕೊಡಬೇಡಿ. ಸಾಮಾನ್ಯವಾಗಿ ಅವು ಕಾಲವನ್ನು ಕಡಿಮೆ ಅಥವಾ ಹೆಚ್ಚು ಮಾಡುತ್ತವೆ, ಅಷ್ಟೆ.

ಮನೆಯಲ್ಲಿ

ಕಣ್ಣಿಲ್ಲದ ಯಂತ್ರಕ್ಕೆ ನಿಮ್ಮ ಕಣ್ಣನ್ನು ಎರವಲು ಕೊಡಿ. ವೋಲ್ಟೇಜ್ ಕಡಿಮೆಯಿರುವ ಹೊತ್ತಿಗೆ ಅಂಕೆಯನ್ನು ಒಂದೆರಡು ಏರಿಸಿ. ಫ್ರಿಜ್‌ನಿಂದ ತೆಗೆದ ಬ್ರೆಡ್ಡಿಗೆ ಇನ್ನಷ್ಟು ಕಾಲ ಬೇಕು. ಸಕ್ಕರೆ ಹೆಚ್ಚಿರುವ ಸಿಹಿ ಬ್ರೆಡ್ಡಿಗೆ ಕಡಿಮೆ ಸಾಕು. ಮೊದಲ ಜೋಡಿಯ ನಂತರ ಒಳಗೆಲ್ಲ ಕಾದಿರುವುದರಿಂದ ಎರಡನೆಯ ಜೋಡಿಗೆ ಅಂಕೆಯನ್ನು ತುಸು ಇಳಿಸಿ. ಬೆಣ್ಣೆ, ತುಪ್ಪವನ್ನು ಸುಟ್ಟ ಮೇಲೆ ಸವರಿ. ಮೊದಲೇ ಸವರಿದರೆ ಕೆಂಪಗೆ ಕಾದ ತಂತಿಯ ಮೇಲೆ ತೊಟ್ಟಿಕ್ಕಿ ಬೆಂಕಿ ಏಳಬಹುದು. ವಾರಕ್ಕೊಮ್ಮೆ ಪುಡಿ ತೆಗೆಯಿರಿ. ಕರಿಕಾಗುವವರೆಗೆ ಸುಡಬೇಡಿ: ಪಿಷ್ಟವಿರುವ ತಿನಿಸುಗಳನ್ನು ಹೆಚ್ಚು ಕಾಯಿಸಿದಾಗ ಅಕ್ರಿಲಮೈಡ್ ಉಂಟಾಗುತ್ತದೆಂದು 2002ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿದ ಮೇಲೆ, ಹೊಂಬಣ್ಣಕ್ಕೇ ನಿಲ್ಲಿಸುವುದು ಜಾಣತನ.

ಕೊನೆಗೆ, ಕೊಳ್ಳಬೇಕೇ? ಖರ್ಚು ದೊಡ್ಡದಲ್ಲ. 750 ವ್ಯಾಟ್ ಎರಡು ನಿಮಿಷ ಉರಿದರೆ ಒಂದು ಯೂನಿಟ್‌ನ ನಲವತ್ತರಲ್ಲಿ ಒಂದು ಭಾಗ. ಲೆಕ್ಕ ಹಾಕಬೇಕಾದ್ದು ಹೊತ್ತನ್ನು. ಆರು ಜನರ ಮನೆಯಲ್ಲಿ ತಲೆಗೆ ಎರಡರಂತೆ ಹನ್ನೆರಡು ಸ್ಲೈಸ್ ಸುಡಲು ಈ ಯಂತ್ರ ಆರು ಸಲ ಏರಿಳಿಯಬೇಕು. ಅಷ್ಟರಲ್ಲಿ ದೊಡ್ಡ ಕಾವಲಿಯ ಮೇಲೆ ಒಂದು ಸಲಕ್ಕೆ ನಾಲ್ಕು ಸ್ಲೈಸ್ ತುಪ್ಪದಲ್ಲಿ ಕೆಂಪಗಾಗಿರುತ್ತವೆ. ಅಂಥ ಮನೆಗೆ ಟೋಸ್ಟರ್ ಅಗತ್ಯವಿಲ್ಲ. ಒಲೆಯ ಮುಂದೆ ಹೆಚ್ಚು ಹೊತ್ತು ನಿಲ್ಲಲಾಗದ ವೃದ್ಧರಿಗೆ, ಗ್ಯಾಸ್ ಆರಿಸಲು ಮರೆಯುವವರಿಗೆ, ಕೋಣೆ ಹಿಡಿದು ಓದುವ ವಿದ್ಯಾರ್ಥಿಗೆ ಇದು ಕೊಟ್ಟ ಹಣಕ್ಕೆ ಮೋಸವಿಲ್ಲದ ಸಾಧನ. ಬಣ್ಣದ ವಿಷಯದಲ್ಲಿ ಅದನ್ನು ನಂಬಬೇಡಿ. ಬಿಡುವ ವಿಷಯದಲ್ಲಿ ನಂಬಿ, ಆದರೆ ಹಿಡಿ ಮೇಲೆದ್ದಿದೆಯೇ ಎಂದು ನೋಡಿ ನಂಬಿ.

ತೋಟದ ಮನೆಯಲ್ಲಿ ಟೋಸ್ಟರ್ ಈಗಲೂ ಇದೆ. ಗುಂಡಿ 5ರಲ್ಲಿದೆ, ಬ್ರೆಡ್ ಹೊಂಬಣ್ಣಕ್ಕೆ ಬರುತ್ತಿದೆ. ಕೆಲಸ ಮುಗಿದೊಡನೆ ಪ್ಲಗ್ ಕೀಳುವುದು ಈಗ ಮನೆಮಂದಿಗೆಲ್ಲ ರೂಢಿಯಾಗಿದೆ.